ಗೋಧೂಳಿಯ ಅಳತೆ

ವಿಮಲಕುಮಾರರಿಗೆ ಜನರ ಮುಖ ನೆನಪಿರುವುದಿಲ್ಲ, ಪಾದ ನೆನಪಿರುತ್ತದೆ. ಚನ್ನರಾಯಪಟ್ಟಣದ ಪೇಟೆಬೀದಿಯಲ್ಲಿ ಅವರ ಸನ್ಮತಿ ಫುಟ್‌ವೇರ್ ಮುಂದೆ ಯಾರು ಹಾದುಹೋದರೂ ಅವರ ಕಣ್ಣು ಮೊದಲು ನೆಲಕ್ಕಿಳಿಯುತ್ತದೆ. ಬ್ಯಾಂಕಿನ ಮ್ಯಾನೇಜರು ಅವರ ಪಾಲಿಗೆ ಒಂಬತ್ತು ನಂಬರು, ಹೈಸ್ಕೂಲು ಹೆಡ್‌ಮಾಸ್ತರು ಏಳು, ಎಡಗಾಲು ಸ್ವಲ್ಪ ಅಗಲ. ಅಂಗಡಿಯಲ್ಲಿ ಪಾದ ಅಳೆಯುವ ಮರದ ಪಟ್ಟಿ ಒಂದಿದೆ. ಅವರ ತಂದೆ ತಂದದ್ದು. ಅದು ಹೊರಗೆ ಬರುವುದು ವರ್ಷಕ್ಕೊಮ್ಮೆ, ಆಯುಧಪೂಜೆಯ ದಿನ ಕುಂಕುಮ ಇಡಿಸಿಕೊಳ್ಳಲು ಮಾತ್ರ. ಮಿಕ್ಕ ದಿನಗಳಲ್ಲಿ ಕಣ್ಣೇ ಪಟ್ಟಿ.

ಈ ಕಣ್ಣಿನ ಮಹಿಮೆಗೆ ಅವರು ಕೊಡುತ್ತಿದ್ದ ಸಾಕ್ಷಿ ಸ್ವಂತ ಹೆಂಡತಿಯದು. ಗಿರಾಕಿ ಚಪ್ಪಲಿ ಕಾಲಿಗೇರಿಸಿ "ಸ್ವಲ್ಪ ಬಿಗಿ ಅನ್ಸುತ್ತೆ" ಎಂದರೆ ಸಾಕು, ಕಥೆ ಶುರು.

"ನೋಡಿ, ಬೆಳಗೊಳಕ್ಕೆ ಹೆಣ್ಣು ನೋಡೋಕೆ ಹೋದಾಗ ಹುಡುಗಿ ಕಾಫಿ ತಂದಳು. ಎಲ್ಲರೂ ಮುಖ ನೋಡಿದ್ರು, ನಾನು ಪಾದ ನೋಡ್ದೆ. ಐದು ನಂಬರು ಅಂದೆ. ಮದುವೆಗೆ ಐದೇ ತಗೊಂಡುಹೋದೆ. ಮೂವತ್ತು ವರ್ಷ ಆಯ್ತು, ಇವತ್ತಿಗೂ ಐದೇ. ಒಂದು ದಿನ ಬಿಗಿ ಅಂದಿಲ್ಲ ನಮ್ಮವಳು."

ಅವರ ಹೆಂಡತಿ ಚಕ್ರೇಶ್ವರಿ ಈ ಕಥೆ ಕಿವಿಗೆ ಬಿದ್ದ ಕೂಡಲೇ ಏನೋ ಕೆಲಸ ನೆನಪಾದವರಂತೆ ಒಳಗೆ ಹೋಗುತ್ತಿದ್ದರು. ಆಕೆ ಬಹಳ ದೈವಭಕ್ತೆ ಎಂದು ಬೀದಿಯಲ್ಲೆಲ್ಲ ಹೆಸರು. ಬಸದಿಗೆ ಬರಿಗಾಲಲ್ಲೇ ಹೋಗುವರು, ಬರಿಗಾಲಲ್ಲೇ ಬರುವರು. ಕೆಲವು ದಿನ ತರಕಾರಿಗೂ ಬರಿಗಾಲಲ್ಲೇ ಹೋಗುತ್ತಿದ್ದರು. ಚಪ್ಪಲಿ ಅಂಗಡಿಯವರ ಮನೆಯಾಕೆ ಇಷ್ಟು ವೈರಾಗ್ಯದಿಂದಿರುವುದು ವಿಮಲಕುಮಾರರಿಗೆ ದೊಡ್ಡ ಹೆಮ್ಮೆಯಾಗಿತ್ತು.

ಅಂಗಡಿಗೆ ಮೂರು ನೇಮಗಳಿದ್ದವು. ತಂದೆಯ ಕಾಲದಿಂದ ಬಂದ ವ್ರತದ ಪ್ರಕಾರ ಚರ್ಮದ ಮಾಲು ಒಳಗೆ ಬರುವಂತಿಲ್ಲ. ರಬ್ಬರು, ರೆಕ್ಸಿನ್ನು, ಬಟ್ಟೆ ಅಷ್ಟೇ. ಎರಡನೆಯದು, ಗಲ್ಲಾದ ಮೇಲೆ ಕೆಂಪಕ್ಷರದಲ್ಲಿ ತೂಗುತ್ತಿದ್ದ ಬೋರ್ಡು: 'ಮಾರಿದ ಮಾಲು ವಾಪಸ್ ಪಡೆಯಲಾಗುವುದಿಲ್ಲ.' ಮೂರನೆಯದು, ಹೊತ್ತು ಮುಳುಗುವುದರೊಳಗೆ ಊಟ ಆಗಬೇಕಾದ್ದರಿಂದ ಸಂಜೆ ಐದಕ್ಕೆ ಬೀಗ. ಒಮ್ಮೆ ಹಾಕಿದ ಬೀಗ ಬೆಳಿಗ್ಗೆಯವರೆಗೆ ತೆಗೆಯುವ ಪದ್ಧತಿ ಇರಲಿಲ್ಲ. ಊರಿನ ಮಿಕ್ಕ ಅಂಗಡಿಗಳು ದೀಪ ಹಾಕಿಕೊಂಡು ಭರ್ಜರಿ ವ್ಯಾಪಾರ ಮಾಡುವ ಹೊತ್ತಿಗೆ ವಿಮಲಕುಮಾರರು ಮಹಡಿಯ ಮೇಲೆ ಊಟ ಮುಗಿಸಿ ಬಾಯಿ ಮುಕ್ಕಳಿಸಿ ಆಗಿರುತ್ತಿತ್ತು.

ಹೀಗೆ ನೇಮದಿಂದ ನಡೆಯುತ್ತಿದ್ದ ಅಂಗಡಿಗೆ ಒಂದು ಬುಧವಾರ ಮಲ್ಲಿಪಟ್ಟಣದ ನಂಜಮ್ಮ ಬಂದರು. ಹಿಂದೆ ಮೊಮ್ಮಗಳು ದೀಪಶ್ರೀ. ಈ ಹುಡುಗಿ ಚನ್ನರಾಯಪಟ್ಟಣದ ಪಿಯು ಕಾಲೇಜಿನಲ್ಲಿ ಗಣಿತ ಹೇಳಿಕೊಡುತ್ತಾಳೆ, ಅಲ್ಲೇ ರೂಮು ಮಾಡಿಕೊಂಡಿದ್ದಾಳೆ. ಅಜ್ಜಿ ಕೈಯಲ್ಲಿದ್ದ ಪ್ಲಾಸ್ಟಿಕ್ ಚೀಲದಿಂದ ನಾಲ್ಕಿಂಚಿನ ಹಿಮ್ಮಡಿಯ ಬಂಗಾರದ ಬಣ್ಣದ ಹೀಲ್ಸ್ ಜೊತೆಯನ್ನು ಎತ್ತಿ ಗಲ್ಲಾದ ಮೇಲೆ ಕುಕ್ಕಿದರು.

"ಕುಮಾರಣ್ಣಾ, ನಿನ್ ಚಪ್ಲಿ ನನ್ ಮೊಮ್ಮಗಳ ಮಾನ ಕಳೀತು ಕಣಪ್ಪಾ."

"ಅಮ್ಮಾ, ಮೊದಲು ಅದನ್ನ ಕೆಳಗಿಡಿ. ಮೇಲೆ ದೇವರ ಫೋಟೋ ಇದೆ."

"ಚಪ್ಲಿ ಅಂಗ್ಡಿಲಿ ಚಪ್ಲಿ ಮಡಗದೆ ಇನ್ನೇನ್ ಮುದ್ದೆ ಮಡಗ್ಲಾ?"

ನಡೆದದ್ದು ಇಷ್ಟು. ಭಾನುವಾರ ಹೊಳೆನರಸೀಪುರದಲ್ಲಿ ದೀಪಶ್ರೀಗೆ ನಿಶ್ಚಿತಾರ್ಥ. ಹುಡುಗ ಅಭಿಷೇಕ್, ಆರಡಿ ಎರಡಿಂಚು. ದೀಪಶ್ರೀ ಐದಡಿಗೆ ಒಂದು ನೂಲು ಕಡಿಮೆ. ಫೋಟೋದಲ್ಲಿ ಹುಡುಗಿ ಹುಡುಗನ ಜೇಬಿಗೆ ಬರಬಾರದೆಂದು ಹೀಲ್ಸ್. ಮೂರು ತಾಸು ವೇದಿಕೆಯ ಮೇಲೆ ನಿಂತು, ಇಳಿಯುವಾಗ ಎಡಗಾಲು ಹೊರಳಿತು. ದೀಪಶ್ರೀ ನೇರ ಹೋಗಿ ಬಿದ್ದದ್ದು ಹುಡುಗನ ಸೋದರತ್ತೆ ಲಕ್ಕಮ್ಮನವರ ಮೇಲೆ. ಲಕ್ಕಮ್ಮ ಹಣ್ಣುಕಾಯಿಯ ತಟ್ಟೆ ಹಿಡಿದಿದ್ದರು. ಇಬ್ಬರೂ ಕೆಳಗೆ, ತೆಂಗಿನಕಾಯಿಗಳು ಊಟದ ಹಾಲಿನವರೆಗೆ. ಯಾರೋ ಪುಣ್ಯಾತ್ಮರು ತೆಗೆದ ವಿಡಿಯೊ, ಹೆಣ್ಣಿನ ಕಡೆಯವರ ವ್ಯಾನು ಅರಕಲಗೂಡು ಮುಟ್ಟುವುದಕ್ಕಿಂತ ಮೊದಲೇ ಊರು ಮುಟ್ಟಿತ್ತು.

ಬಿದ್ದದ್ದು ಹೋಗಲಿ. ಲಕ್ಕಮ್ಮ ಸೊಂಟ ನೀವಿಕೊಂಡು ಎದ್ದವರು ಸುಮ್ಮನಿರಲಿಲ್ಲ. ಉಡ್ಗಿ ಕಾಲಲ್ಲಿ ಏನೋ ಐಬದೆ, ಮುಚ್ಚಿಟ್ಟವ್ರೆ ಎಂದು ಮನೆಮನೆಗೂ ಫೋನು ಮಾಡಿ ಹೇಳತೊಡಗಿದ್ದರು.

"ಇದಕ್ಕೆಲ್ಲ ಮದುವೆ ನಿಲ್ಲೋದಿಲ್ಲ ಅಂಕಲ್," ಎಂದಳು ದೀಪಶ್ರೀ. ಅಳು ತಡೆದುಕೊಂಡ ದನಿ ಒರಟಾಗಿತ್ತು. "ಅಭಿಷೇಕ್ ಒಳ್ಳೆಯವರು. ಆದರೆ ನಾನು ಆ ಮನೆಗೆ ಹೋಗಿ ಬಾಳಬೇಕು. ಜೀವಮಾನ ಪೂರ್ತಿ ಕಾಲು ನೋಡಿಸ್ಕೊಂಡು ಓಡಾಡೋಕಾಗುತ್ತಾ? ಇನ್ನು ಮೂರು ವಾರಕ್ಕೆ ಹಾಸನದಲ್ಲಿ ಆರತಕ್ಷತೆ. ಫ್ಲಾಟ್ ಚಪ್ಪಲಿ ಹಾಕಿದ್ರೆ ನೋಡಿದ್ರಾ ಐಬು ನಿಜ ಅಂತಾರೆ. ಬಿದ್ದಿದ್ದು ಹೀಲ್ಸಲ್ಲಿ, ನಿಲ್ಲೋದೂ ಹೀಲ್ಸಲ್ಲೇ."

ವಿಮಲಕುಮಾರರ ಕೈ ತಾನಾಗಿ ಮೇಲಿನ ಬೋರ್ಡಿನ ಕಡೆ ಹೋಯಿತು. "ನೋಡಮ್ಮಾ, ಮಾರಿದ ಮಾಲು..."

"ವಾಪಸ್ ಯಾವಳಪ್ಪಾ ಕೇಳಿದ್ಲು?" ಎಂದು ನಂಜಮ್ಮ ಗದರಿಕೊಂಡರು. "ನನ್ ಮೊಮ್ಮಗ್ಳು ನಿಂತ್ಕಳೋ ಅಂಗೆ ಮಾಡ್ಕೊಡು. ನೀನೇ ಅಲ್ವಾ ಗ್ಯಾರಂಟಿ ಅಂದಿದ್ದು?"

ಅಂದದ್ದು ಹೌದು. ಆ ದಿನ ವಿಮಲಕುಮಾರರಿಗೆ ಚೆನ್ನಾಗಿ ನೆನಪಿತ್ತು, ಯಾಕೆಂದರೆ ಹಲ್ಲುಜ್ಜುತ್ತಿದ್ದವರನ್ನು ಮಹಡಿಯಿಂದ ಇಳಿಸಿದ್ದರು. ನಿಶ್ಚಿತಾರ್ಥಕ್ಕೂ ಮದುವೆಗೂ ಒಟ್ಟಿಗೆ ಜವಳಿ ತೆಗೆಯಲು ಪುರೋಹಿತರು ಸೋಮವಾರ ಬೆಳಿಗ್ಗೆ ಆರೂ ಹತ್ತಕ್ಕೆ ಗಳಿಗೆ ಇಟ್ಟುಕೊಟ್ಟಿದ್ದರು. ಏಳೂವರೆಗೆ ರಾಹುಕಾಲ. ಸೀರೆ ಆಯಿತು, ಸೂಟು ಆಯಿತು, ಇನ್ನೂ ಇಪ್ಪತ್ತು ನಿಮಿಷ ಉಳಿದಿತ್ತು. ಮೈಮೇಲೆ ಹಾಕುವುದೆಲ್ಲ ಒಳ್ಳೆ ಗಳಿಗೆಯಲ್ಲೇ ಬರಲಿ, ಕಾಲಿನದು ಮಾತ್ರ ಯಾಕೆ ಬಿಡಬೇಕು ಎಂದು ನಂಜಮ್ಮ ಹಟ ಹಿಡಿದು, ಗಂಡುಹೆಣ್ಣುಗಳ ಸಮೇತ ಎರಡೂ ಕಡೆಯ ಹನ್ನೊಂದು ಜನ ಬಂದು ಷಟರು ಬಡಿದಿದ್ದರು. ವಿಮಲಕುಮಾರರು ಬಾಯಲ್ಲಿ ಪೇಸ್ಟಿನ ನೊರೆ ಇಟ್ಟುಕೊಂಡೇ ಹುಡುಗಿಯ ಪಾದ ನೋಡಿ ಐದು ಬೆರಳು ತೋರಿಸಿದರು. ಹುಡುಗನದಕ್ಕೆ ಒಂಬತ್ತು ಬೆರಳು. ಅವನ ಕಪ್ಪು ಶೂ ಆರತಕ್ಷತೆಗೆಂದು ಡಬ್ಬದಲ್ಲೇ ಅವನ ಮನೆಯ ಅಟ್ಟ ಸೇರಿತು. ಎಲ್ಲವೂ ಏಳೂ ಇಪ್ಪತ್ತೈದಕ್ಕೆ ಮುಗಿದು, ರಾಹು ಬರುವ ಹೊತ್ತಿಗೆ ಎಲ್ಲರೂ ದೋಸೆ ತಿನ್ನುತ್ತಿದ್ದರು.

"ಹಾಕಿ ನೋಡಮ್ಮಾ," ಎಂದರು ವಿಮಲಕುಮಾರರು.

ಬೆಳಿಗ್ಗೆ ಒಂಬತ್ತು ಗಂಟೆ. ಚಪ್ಪಲಿ ಅಚ್ಚುಹೊಯ್ದಂತೆ ಕೂತಿತು. ದೀಪಶ್ರೀ ಬಾಗಿಲವರೆಗೆ ನಡೆದಳು, ಬಂದಳು, ಬೀಳಲಿಲ್ಲ.

"ಚಪ್ಪಲಿ ಸರಿ ಇದೆ," ಎಂದು ಘೋಷಿಸಿದರು.

"ಅಂಗಾರೆ ಕಾಲಲ್ಲಿ ಐಬದೆ ಅಂತೀಯಾ?" ಎಂದರು ನಂಜಮ್ಮ. ಆ ಮುದುಕಿಯ ದನಿ ಒಮ್ಮೆಲೇ ಮೆತ್ತಗಾಗಿತ್ತು. ಚಪ್ಪಲಿ ಸರಿ ಎಂದರೆ ಹುಡುಗಿ ಸರಿ ಇಲ್ಲ ಎಂದ ಹಾಗೆ. ಮಾಲಿನ ಹೆಸರು ಉಳಿಸಿಕೊಳ್ಳಲು ಹೋಗಿ ತಪ್ಪನ್ನು ಹೆಣ್ಣುಮಗಳ ತಲೆಗೆ ಕಟ್ಟುವಷ್ಟು ಕೆಟ್ಟವರಲ್ಲ ಅವರು. ನಾಲ್ಕು ದಿನ ಟೈಮು ಕೊಡಿ, ಸರಿಮಾಡಿ ಕೊಡುತ್ತೇನೆ ಎಂದುಬಿಟ್ಟರು.

ಅಲ್ಲಿಂದ ಹಿಡಿಯಿತು ಪಾಡು. ಮೊದಲು ತುದಿಗೆ ಹತ್ತಿ ತುರುಕಿದರು. ದೀಪಶ್ರೀ ಬೆಳಿಗ್ಗೆ ಹಾಕಿ ನೋಡಿ ಚೆನ್ನಾಗಿದೆ ಎಂದು ಕಾಲೇಜಿಗೆ ಹೋದಳು. ಮಧ್ಯಾಹ್ನ ಮೂರಕ್ಕೆ ಫೋನು ಬಂತು, ಬೆರಳು ಸತ್ತುಹೋಗಿವೆ ಎಂದು. ಹತ್ತಿ ತೆಗೆದು ಹಿಮ್ಮಡಿಯ ಕೆಳಗೆ ದಪ್ಪ ಸ್ಪಂಜು ಅಂಟಿಸಿದರು. ಈಗ ಪಾದ ಇನ್ನೂ ಇಳಿಜಾರಾಗಿ, ಹುಡುಗಿ ಕರಿಹಲಗೆಗೆ ಹಣೆ ತಗುಲಿಸಿಕೊಂಡಳು. ಸೆಕೆಂಡ್ ಪಿಯುದವರು ಚಪ್ಪಾಳೆ ತಟ್ಟಿದರಂತೆ. ಆಮೇಲೆ ಹಿಂದುಗಡೆ ಮೆತ್ತೆ, ಪಕ್ಕದಲ್ಲಿ ಮೆತ್ತೆ, ಒಳಗೆ ಅಂಟುಪಟ್ಟಿ. ಪ್ರತಿ ಬೆಳಿಗ್ಗೆ ಗೆಲುವು, ಪ್ರತಿ ಮಧ್ಯಾಹ್ನ ಗೋಳು. ವಾರ ಕಳೆಯಿತು. ಅಷ್ಟರಲ್ಲಿ ಲಕ್ಕಮ್ಮನ ಬಾಯಲ್ಲಿ ಐಬು ಮೊಣಕಾಲಿನವರೆಗೆ ಏರಿತ್ತು.

ಎಂಟನೆಯ ದಿನ ಊಟದ ಹೊತ್ತಿಗೆ ಷಟರು ಅರ್ಧ ಎಳೆದು ವಿಮಲಕುಮಾರರು ಒಂದು ಸಾಹಸ ಮಾಡಿದರು. ಹೆಂಗಸರ ಮಾಲಿನಲ್ಲಿ ಎಲ್ಲಕ್ಕಿಂತ ದೊಡ್ಡ ಒಂಬತ್ತು ನಂಬರಿನ ನಾಲ್ಕಿಂಚಿನ ಹೀಲ್ಸ್ ತೆಗೆದು, ಪಂಚೆ ಮೇಲೆ ಕಟ್ಟಿ, ತಾವೇ ಹತ್ತಿ ನಿಂತರು. ಮೂವತ್ತೆರಡು ವರ್ಷದಲ್ಲಿ ಸಾವಿರಾರು ಜೊತೆ ಮಾರಿದ ಮನುಷ್ಯ, ಒಂದು ದಿನವೂ ಅದರ ಮೇಲೆ ನಿಂತು ನೋಡಿರಲಿಲ್ಲ. ಮಕ್ಕಳ ಬೂಟಿನ ರ‍್ಯಾಕು ಹಿಡಿದುಕೊಂಡು ಆರು ಹೆಜ್ಜೆ ಇಟ್ಟರು. ಏಳನೆಯದಕ್ಕೆ ಪಾದದ ನಡುಭಾಗ ಗಾಳಿಯಲ್ಲಿ ನೇತಾಡುತ್ತಿದೆ ಎನ್ನಿಸಿತು. ಮೈಭಾರವೆಲ್ಲ ಜಾರಿ ಐದು ಬೆರಳುಗಳ ಮೇಲೆ ಕೂತಿತ್ತು. ಬೆನ್ನು ತಾನಾಗಿ ಹಿಂದಕ್ಕೆ ಬಾಗಿ, ಹೊಟ್ಟೆ ಮುಂದಕ್ಕೆ ಬಂದು, ಕಣ್ಣಲ್ಲಿ ನೀರು ಬಂತು.

ಅದೇ ಹೊತ್ತಿಗೆ ಚಕ್ರೇಶ್ವರಿ ಊಟಕ್ಕೆ ಕರೆಯಲು ಬಗ್ಗಿ ಷಟರಿನಡಿ ನುಸುಳಿದರು.

ಗಂಡನನ್ನು ಹೀಲ್ಸಿನಿಂದ ನೆತ್ತಿಯವರೆಗೆ ಒಮ್ಮೆ ನೋಡಿದರು.

"ಪರೀಕ್ಷೆ ಮಾಡ್ತಿದೀನಿ," ಎಂದರು ವಿಮಲಕುಮಾರರು, ಗೌರವವನ್ನು ಕೂಡಿಸಿಕೊಂಡು.

"ಗೊತ್ತಾಯ್ತು. ಎಷ್ಟು ಹೊತ್ತಾಯ್ತು ಹತ್ತಿ?"

"ಹತ್ತು ನಿಮಿಷ ಆಗಿರಬೇಕು."

"ಅಷ್ಟೇನಾ," ಎಂದರು ಚಕ್ರೇಶ್ವರಿ. ಸ್ಟೂಲು ಎಳೆದು ಗಂಡನನ್ನು ಕೂರಿಸಿ, ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಕ್ಕು ಮುಗಿಸಿದರು. ಆಮೇಲೆ ಹೇಳಿದರು: "ದಿನಾ ಬೆಳಿಗ್ಗೆ ಹಾಕಿಸ್ತೀರಿ, ಸರಿ ಇರುತ್ತೆ. ದಿನಾ ಮಧ್ಯಾಹ್ನ ಅವಳು ಅಳ್ತಾಳೆ. ಒಂದು ದಿನ ಸಂಜೆ ಕಾಲು ನೋಡಿ."

"ಬೆಳಿಗ್ಗೆ ಕಾಲು ಬೇರೆ, ಸಂಜೆ ಕಾಲು ಬೇರೇನಾ?"

"ನಿಮ್ಮದು ಹೇಗೋ ಗೊತ್ತಿಲ್ಲ, ಕೂತೇ ಇರ್ತೀರಿ. ಹೆಂಗಸರ ಕಾಲು ಬೆಳಿಗ್ಗೆಯಿಂದ ನಿಂತಿರುತ್ತೆ. ಊದಲ್ವಾ?"

ವಿಮಲಕುಮಾರರು ಬೆರಗಾಗಿ ಕೂತರು. ಐದಕ್ಕೆ ಬೀಗ ಹಾಕುವ ಮನುಷ್ಯ. ಮೂವತ್ತೆರಡು ವರ್ಷದ ಅವರ ವ್ಯಾಪಾರವೆಲ್ಲ ಹಗಲಿನ ಪಾದಗಳ ಜೊತೆ. ದಣಿದು ಊದಿದ ಸಂಜೆಯ ಪಾದವನ್ನು ಅವರು ಕಂಡೇ ಇರಲಿಲ್ಲ.

ಮಾರನೆಯ ದಿನ ನಾಲ್ಕಕ್ಕೇ ಊಟ ಮುಗಿಸಿ, ಐದು ದಾಟಿದರೂ ಅಂಗಡಿ ತೆರೆದೇ ಇಟ್ಟರು. ಬೀದಿಯವರು ಏನೋ ಸಾವುನೋವು ಆಗಿರಬೇಕೆಂದು ಬಂದು ವಿಚಾರಿಸಿ ಹೋದರು. ಆರು ಗಂಟೆಗೆ ದೀಪಶ್ರೀ ಐದು ಪಾಠ ಮುಗಿಸಿ ಕಾಲೆಳೆದುಕೊಂಡು ಬಂದಳು, ಜೊತೆಗೆ ಮಲ್ಲಿಪಟ್ಟಣದಿಂದ ಬಸ್ಸು ಹತ್ತಿ ಬಂದ ನಂಜಮ್ಮ. ಹೊಸ ಜೊತೆಗೆ ಹೊಸ ಅಳತೆ ತೆಗೆಯಬೇಕು ಎಂದಾಗ ನಂಜಮ್ಮ ಅಡ್ಡಬಂದರು.

"ಮುಚ್ಚಂಜೆ ಒತ್ನಲ್ಲಿ ಮದ್ವೆ ಸಾಮಾನು ತಗಳಾದಾ? ಗಳಿಗೆ ಕೇಳ್ಕಂಡ್ ಬತ್ತೀನಿ ತಡಿ."

ಪುರೋಹಿತರು ಮತ್ತೆ ಬೆಳಿಗ್ಗೆ ಆರಕ್ಕೇ ಇಡುತ್ತಾರೆಂದು ವಿಮಲಕುಮಾರರಿಗೆ ಗೊತ್ತಿತ್ತು. ವ್ಯಾಪಾರಿಯ ಬುದ್ಧಿ ಮಿಂಚಿತು. "ಅಮ್ಮಾ, ದನ ಮನೆಗೆ ಬರೋ ಹೊತ್ತು ಇದು. ಗೋಧೂಳಿ. ಯಾವ ಮುಹೂರ್ತವೂ ಸಿಗದೇ ಇದ್ದಾಗ ಗೋಧೂಳಿ ಲಗ್ನದಲ್ಲಿ ಧಾರೆನೇ ಎರೀತಾರೆ. ಚಪ್ಪಲಿ ಯಾವ ಮಹಾ?"

ನಂಜಮ್ಮ ಬೀದಿಗೆ ಇಣುಕಿದರು. ದನ ಇರಲಿಲ್ಲ, ಹೆದ್ದಾರಿಯ ಬಸ್ಸು ಎಬ್ಬಿಸಿದ ಧೂಳು ಬೇಕಾದಷ್ಟಿತ್ತು. "ಅದೂ ಸರಿಯೇ ಅನ್ನು," ಎಂದು ಕೂತರು.

ಆಯುಧಪೂಜೆಯ ಕುಂಕುಮ ಇನ್ನೂ ಅಂಟಿದ್ದ ಮರದ ಪಟ್ಟಿ ಹೊರಗೆ ಬಂತು. ದೀಪಶ್ರೀಯ ಪಾದ ಆರು ನಂಬರಿಗೆ ಒಂದು ಕೂದಲೂ ಕಡಿಮೆ ಇರಲಿಲ್ಲ. ಆಮೇಲೆ ಬಕೆಟ್ಟಿನ ನೀರಿನಲ್ಲಿ ಕಾಲು ಅದ್ದಿಸಿ ಒಣ ಗಾರೆನೆಲದ ಮೇಲೆ ಹೆಜ್ಜೆ ಇಡಿಸಿದರು. ಮಾಮೂಲಾಗಿ ಹೆಜ್ಜೆಗುರುತಿನ ಒಳಬದಿಯಲ್ಲಿ ಒಂದು ಖಾಲಿ ಜಾಗ ಉಳಿಯುತ್ತದೆ. ಇವಳದು ತುಂಬಿಕೊಂಡಿತ್ತು. ದಣಿದ ಮೇಲೆ ಪಾದದ ಕಮಾನು ಇಳಿದು ನೆಲ ಮುಟ್ಟುತ್ತಿತ್ತು.

"ಐಬು ಅಂದ್ರೆ ಇದೇನಾ ಅಂಕಲ್?" ಎಂದಳು ದೀಪಶ್ರೀ ಸಣ್ಣ ದನಿಯಲ್ಲಿ.

"ಇದು ಐಬಾದರೆ ಊರಲ್ಲಿ ಅರ್ಧ ಜನಕ್ಕೆ ಐಬು. ನಂದೂ ಹೀಗೇ ಇದೆ, ನೋಡು," ಎಂದು ವಿಮಲಕುಮಾರರು ತಮ್ಮ ಕಾಲನ್ನೂ ಅದ್ದಿ ಪಕ್ಕದಲ್ಲಿಟ್ಟರು. ಎರಡು ಚಪ್ಪಟೆ ಹೆಜ್ಜೆ ಜೋಡಿಯಾಗಿ ಮೂಡಿದವು. ಹುಡುಗಿ ಎರಡು ವಾರದಲ್ಲಿ ಮೊದಲ ಸಲ ನಕ್ಕಳು.

ಆರು ನಂಬರಿನ ಜೊತೆ ಹಾಕಿಸಿ ನಿಲ್ಲಿಸಿದಾಗ ನಂಜಮ್ಮ ನೆಲಕ್ಕೆ ಕೆನ್ನೆ ತಾಗುವಷ್ಟು ಬಗ್ಗಿ ಪಕ್ಕದಿಂದ ನೋಡಿದರು. ಹಿಮ್ಮಡಿ ಮೇಲೆದ್ದ ಪಾದದ ನಡುವೆ, ಚಪ್ಪಲಿಗೂ ಅಂಗಾಲಿಗೂ ಮಧ್ಯೆ ಬೆರಳು ತೂರಿಸಿದರು. ತೂರಿತು.

"ಇಲ್ಲೇನೂ ಇಲ್ವಲ್ಲೋ ಕುಮಾರಣ್ಣಾ! ಸಿಂಬೆ ಇಲ್ದೆ ಬಿಂದ್ಗೆ ಒತ್ಕಂಡ್ರೆ ತಲೆ ಮ್ಯಾಲೆ ನಿಂತ್ಕತ್ತದಾ? ಮೂವತ್ ವರ್ಸ ಒಳೆ ನೀರು ಒತ್ತೀನಿ ಕಣಪ್ಪಾ ನಾನು. ಭಾರ ಎಲ್ ಕೂರ್ತದೋ ಅಲ್ಲಿ ಸಿಂಬೆ ಇರ್ಬೇಕು."

ಹೇಳಿದವರೇ ಚೀಲದಿಂದ ಹಳೆಯ ಸೀರೆಯ ತುಂಡು ತೆಗೆದು, ಪರ್ರನೆ ಹರಿದು, ಹೊಸೆದು, ಬಿಂದಿಗೆಗೆ ಇಡುವಂಥದೇ ಒಂದು ಪುಟ್ಟ ಸಿಂಬೆ ಸುತ್ತಿ ಅಂಗಾಲಿನಡಿ ಇಟ್ಟರು. ದೀಪಶ್ರೀ ನಿಂತಳು, ಕಿರುಚಿದಳು. ದುಂಡಗಿನ ಸಿಂಬೆ ತಲೆಗೆ ಸರಿ, ಕಾಲಿಗೆ ಕಲ್ಲು ಒತ್ತಿದಂತೆ. ಆದರೆ ವಿಮಲಕುಮಾರರಿಗೆ ದಾರಿ ಸಿಕ್ಕಿತ್ತು. ಹವಾಯಿ ಚಪ್ಪಲಿಯ ಮೆತ್ತನೆ ಅಟ್ಟೆಯೊಂದನ್ನು ಅರ್ಧಚಂದ್ರಾಕಾರಕ್ಕೆ ಕೊಯ್ದರು. ಒಳಬದಿಗೆ ದಪ್ಪ, ಹೊರಬದಿಗೆ ಇಳಿಜಾರು. ಉಪ್ಪುಕಾಗದದಿಂದ ಉಜ್ಜಿದರು, ಇಟ್ಟರು, ತೆಗೆದರು, ಮತ್ತೆ ಉಜ್ಜಿದರು. ದೀಪಶ್ರೀ ಹೇಳುತ್ತ ಹೋದಳು, "ಇನ್ನೊಂದು ಚೂರು ಹಿಂದಕ್ಕೆ ಅಂಕಲ್. ಈಗ ಭಾರ ಹಿಮ್ಮಡಿಗೂ ಹಂಚಿಕೊಳ್ತಿದೆ." ನಾಲ್ಕು ಸಂಜೆ ಈ ಕೆಲಸ ನಡೆಯಿತು. ಪೆನ್ಸಿಲ್ಲಿನಂಥ ನಾಲ್ಕಿಂಚಿನ ಹಿಮ್ಮಡಿ ಬಿಟ್ಟು ಮೂರಿಂಚಿನ ಅಗಲ ಹಿಮ್ಮಡಿಯ ಜೊತೆ ಆರಿಸಿದರು. ಬೆರಳಿನ ಬುಡಕ್ಕೆ ತೆಳು ಮೆತ್ತೆ, ಕಣಕಾಲಿಗೆ ಪಟ್ಟಿ, ಪಾದದ ನಡುವೆ ರಬ್ಬರಿನ ಸಿಂಬೆ, ಅದರ ಮೇಲೆ ನಂಜಮ್ಮನ ಸೀರೆಯ ತುಂಡಿನದೇ ಹೊದಿಕೆ. ಒಂದಿಂಚು ಎತ್ತರ ಕಡಿಮೆಯಾಯಿತಲ್ಲ ಎಂದು ದೀಪಶ್ರೀಗೆ ಸ್ವಲ್ಪ ಅಳುಕಿತ್ತು. ಆದರೆ ಕೊನೆಯ ಸಂಜೆ ಅಂಗಡಿಯಲ್ಲೇ ಎರಡು ಗಂಟೆ ನಿಂತು ಉತ್ತರಪತ್ರಿಕೆ ತಿದ್ದಿದಳು. ಕೂರು ಎಂದರೂ ಕೂರಲಿಲ್ಲ.

ಆರತಕ್ಷತೆಯ ದಿನ ವಿಮಲಕುಮಾರರೂ ಚಕ್ರೇಶ್ವರಿಯೂ ಮನೆಯಲ್ಲೇ ಬೇಗ ಊಟ ಮುಗಿಸಿ ಹಾಸನದ ಕಲ್ಯಾಣಮಂಟಪಕ್ಕೆ ಬಂದರು. ವಿಮಲಕುಮಾರರ ಎದೆ ಪರೀಕ್ಷೆಗೆ ಕೂತ ಹುಡುಗನದಂತೆ ಹೊಡೆದುಕೊಳ್ಳುತ್ತಿತ್ತು. ಮೊದಲ ಸಾಲಿನಲ್ಲಿ, ಸರಿಯಾಗಿ ವೇದಿಕೆಯ ಮೆಟ್ಟಿಲಿನ ಎದುರಿಗೆ, ಲಕ್ಕಮ್ಮ ಅಕ್ಕಪಕ್ಕಕ್ಕೆ ನಾಲ್ಕು ಜನ ಹೆಂಗಸರನ್ನು ಕೂರಿಸಿಕೊಂಡು ಕಾಯುತ್ತಿದ್ದರು. ಯಾರ ಕಣ್ಣೂ ಸೀರೆಯ ಮೇಲಿರಲಿಲ್ಲ.

ಆರೂಮುಕ್ಕಾಲಿಗೆ ದೀಪಶ್ರೀ ಬಂದಳು. ಐದು ಮೆಟ್ಟಿಲು. ವಿಮಲಕುಮಾರರು ಒಂದೊಂದಕ್ಕೂ ಉಸಿರು ಹಿಡಿದರು. ಹುಡುಗಿ ಯಾರ ಕೈಯನ್ನೂ ಹಿಡಿಯದೆ ಹತ್ತಿ, ತಿರುಗಿ, ನೆಟ್ಟಗೆ ನಿಂತಳು. ಏಳಾಯಿತು, ಏಳೂವರೆಯಾಯಿತು. ಸಾಲು ಬಾಗಿಲಾಚೆಗೆ ಬೆಳೆದಿತ್ತು. ದೀಪಶ್ರೀ ನಗುತ್ತಲೇ ಇದ್ದಳು, ಅದು ಹಲ್ಲುಕಚ್ಚಿದ ನಗುವಾಗಿರಲಿಲ್ಲ. ಲಕ್ಕಮ್ಮನ ಪಕ್ಕದ ಇಬ್ಬರು ಬೇಸತ್ತು ಊಟಕ್ಕೆ ಎದ್ದುಹೋದರು.

ಎಂಟರ ಹೊತ್ತಿಗೆ ವೇದಿಕೆಯ ಮೇಲೆ ಒಬ್ಬರು ವಾಲತೊಡಗಿದರು. ಅದು ಅಭಿಷೇಕ್. ಮೊದಲು ಎಡಕ್ಕೆ ಭಾರ ಹಾಕಿದ, ಆಮೇಲೆ ಬಲಕ್ಕೆ, ಆಮೇಲೆ ಬಿಸಿ ಕಾವಲಿಯ ಮೇಲೆ ನಿಂತವನಂತೆ ಒಂದೊಂದೇ ಕಾಲು ಎತ್ತಿಡತೊಡಗಿದ. ಮುಖ ಬಿಳಿಚಿ, ಕೈ ಹೆಂಡತಿಯಾಗುವವಳ ಭುಜ ಹುಡುಕುತ್ತಿತ್ತು.

ವಿಮಲಕುಮಾರರಿಗೆ ಹೊಳೆಯಿತು. ಬೆಳಿಗ್ಗೆ ಏಳೂ ಇಪ್ಪತ್ತು, ಬಾಯಲ್ಲಿ ಪೇಸ್ಟು, ಒಂಬತ್ತು ಬೆರಳು. ಹೆಣ್ಣಿನ ಕಾಲನ್ನು ನಾಲ್ಕು ಸಂಜೆ ಅಳೆದವರು ಗಂಡಿನದನ್ನು ಮರೆತೇಬಿಟ್ಟಿದ್ದರು.

ಅಷ್ಟರಲ್ಲಿ ನಂಜಮ್ಮನ ದನಿ ಹಾಲಿನಲ್ಲೆಲ್ಲ ಕೇಳಿಸಿತು. "ಏನ್ ಲಕ್ಕಮ್ಮಾರೇ, ನಿಮ್ ಉಡ್ಗ ಯಾಕಂಗೆ ವಾಲ್ತಾ ಅವ್ನೆ? ಕಾಲಲ್ಲೇನಾರ ಐಬದಾ? ಮೊದ್ಲೇ ಏಳ್ಬಾರ್ದಿತ್ತಾ?"

ಲಕ್ಕಮ್ಮನ ಪಕ್ಕ ಉಳಿದಿದ್ದ ಇಬ್ಬರು ಹೆಂಗಸರು ಸೆರಗಿನ ಮರೆಯಲ್ಲಿ ನಕ್ಕರು.

ವಿಮಲಕುಮಾರರು ಸಾಲು ಮುರಿದು ವೇದಿಕೆಗೆ ನುಗ್ಗಿದರು. "ಅಂಕಲ್, ಆ ಕಡೆ ನಿಂತ್ಕೊಳ್ಳಿ," ಎಂದು ಫೋಟೋದವನು ಕೂಗುತ್ತಿದ್ದ. ಅವರು ನಿಲ್ಲಲಿಲ್ಲ, ಹೂವಿನ ಕುಂಡದ ಮರೆಗೆ ನೆಲಕ್ಕೆ ಕೂತು ಹುಡುಗನ ಲೇಸು ಬಿಚ್ಚತೊಡಗಿದರು.

"ಸಾ, ಕಾಲು ಐತೋ ಇಲ್ವೋ ಗೊತ್ತಾಯ್ತಿಲ್ಲ ಸಾ," ಎಂದ ಅಭಿಷೇಕ್ ಪಿಸುಮಾತಿನಲ್ಲಿ.

"ಇದೆ ಇದೆ. ತಪ್ಪು ನಂದು. ಕಾಲು ಎಳ್ಕೋ."

ಶೂ ಎರಡೂ ಕುಂಡದ ಹಿಂದೆ ಹೋದವು. ಅಭಿಷೇಕ್ ಕಾಲುಚೀಲದಲ್ಲಿ ನಿಂತು ಊರಿಗೆ ಕೇಳುವಂತೆ ನಿಟ್ಟುಸಿರು ಬಿಟ್ಟ. ದೀಪಶ್ರೀ ಕೆಳಗೆ ನೋಡಿ, ಸೀರೆಯ ನೆರಿಗೆಯನ್ನು ಪಕ್ಕಕ್ಕೆ ಹರವಿ ಅವನ ಪಾದಗಳನ್ನು ಮುಚ್ಚಿದಳು. ಶೂವಿನ ಹಿಮ್ಮಡಿ ಹೋದದ್ದರಿಂದ ಹುಡುಗ ಒಂದಿಂಚು ಇಳಿದಿದ್ದ. "ಈಗ ನೋಡಿ ಜೋಡಿ ಕರೆಕ್ಟಾಗಿದೆ," ಎಂದ ಫೋಟೋದವನು. ಹತ್ತೂವರೆಯವರೆಗೆ ದೀಪಶ್ರೀ ನಿಂತೇ ಇದ್ದಳೆಂದು ಆಮೇಲೆ ನಂಜಮ್ಮ ಊರೂರಿಗೆ ಹೇಳಿದರು.

ವಿಮಲಕುಮಾರರು ವೇದಿಕೆ ಇಳಿದು ಬರುವಾಗ ಲಕ್ಕಮ್ಮ ತೋಳು ಹಿಡಿದು ನಿಲ್ಲಿಸಿದರು. ಬೈಯುತ್ತಾರೆಂದು ಇವರು ಕುಗ್ಗಿದರು. ಲಕ್ಕಮ್ಮ ಆಚೀಚೆ ನೋಡಿ, ಸೀರೆ ಮೂರು ಬೆರಳು ಎತ್ತಿ, ಉಬ್ಬಿ ಕೆಂಪಾದ ಪಾದ ತೋರಿಸಿದರು.

"ನಂಜಮ್ಮ ಏಳ್ತಿದ್ದ ಆ ಸಿಂಬೆ ಚಪ್ಲಿ ನನ್ ಅಳ್ತೆಗೂ ಮಾಡ್ಕೊಡ್ತೀಯಾಪ್ಪಾ? ಯಾರ್ಗೂ ಏಳ್ಬ್ಯಾಡ."

"ಸಂಜೆ ಆರಕ್ಕೆ ಬನ್ನಿ," ಎಂದರು ವಿಮಲಕುಮಾರರು. ಗೆದ್ದ ಸಂತೋಷಕ್ಕೆ ಅವರಿಗೆ ನಾಲ್ಕು ಜನರ ಮುಂದೆ ಕುಣಿಯಬೇಕೆನ್ನಿಸಿತು.

ಹೆಂಡತಿಗೆ ಹೇಳೋಣವೆಂದು ಬಾಗಿಲಿಗೆ ಬಂದರು. ಚಕ್ರೇಶ್ವರಿ ಚಪ್ಪಲಿಗಳನ್ನು ಕೈಯಲ್ಲಿ ಹಿಡಿದುಕೊಂಡು, ಮಂಟಪದ ತಣ್ಣನೆಯ ಕಲ್ಲಿನ ಮೇಲೆ ಬರಿಗಾಲಲ್ಲಿ ನಿಂತಿದ್ದರು. ಇದು ಬಸದಿಯಲ್ಲ. ವಿಮಲಕುಮಾರರು ಆ ಪಾದಗಳನ್ನು ನೋಡಿದರು. ಕಿರುಬೆರಳು ಪಕ್ಕದ ಬೆರಳಿನ ಕೆಳಗೆ ನುಸುಳಿತ್ತು. ಹೆಬ್ಬೆರಳ ಬುಡದಲ್ಲಿ ಹಳೆಯ ಆಣಿ. ಲಕ್ಕಮ್ಮನ ಸುದ್ದಿ ಬಿಟ್ಟು, ಕಾರನ್ನು ಮೆಟ್ಟಿಲಿನವರೆಗೆ ತರಿಸಿ ಹೆಂಡತಿಯನ್ನು ಕೂರಿಸಿದರು.

ಮರುದಿನ ಸಂಜೆ, ಊಟವಾದ ಮೇಲೆ, ಹೊತ್ತು ಇನ್ನೂ ಮುಳುಗಿರಲಿಲ್ಲ. ವಿಮಲಕುಮಾರರು ಹೆಂಡತಿಯನ್ನು ಅಂಗಡಿಗೆ ಕರೆದು ಸ್ಟೂಲಿನ ಮೇಲೆ ಕೂರಿಸಿದರು. ಮರದ ಪಟ್ಟಿ ತೆಗೆದು ಎದುರಿಗೆ ಕೂತರು.

"ಏನ್ರೀ ಇದು, ಕಾಲು ಮುಟ್ಟೋದು... ಯಾರಾದ್ರೂ ನೋಡ್ತಾರೆ."

"ನೋಡಲಿ. ಇಡು ಕಾಲು."

ಚಕ್ರೇಶ್ವರಿ ಇಟ್ಟರು. ವಿಮಲಕುಮಾರರು ಓದಿದರು. ಕನ್ನಡಕ ಒರೆಸಿಕೊಂಡು ಮತ್ತೆ ಓದಿದರು. ಏಳು. ಬೆಳಿಗ್ಗೆ ಅಳೆದಿದ್ದರೂ ಆರಕ್ಕೆ ಕಡಿಮೆ ಬರುವಂಥ ಪಾದವಾಗಿರಲಿಲ್ಲ ಅದು.

"ಮೂವತ್ತು ವರ್ಷ," ಎಂದರು. "ಒಂದು ದಿನ ಹೇಳಬಾರದಿತ್ತಾ?"

"ಹೇಳೋಣ ಅಂತಲೇ ಇದ್ದೆ. ನೀವು ಮದುವೆ ಮನೆಯಲ್ಲೇ ಎಲ್ಲರಿಗೂ ಐದು ಐದು ಅಂತ ಸಾರಿಬಿಟ್ಟಿದ್ರಿ. ಆಮೇಲೆ ಬಂದ ಗಿರಾಕಿಗೆಲ್ಲ ಹೇಳೋರು. ನಿಮ್ಮ ಅಂಗಡಿ ನಾನೇ ಮುಚ್ಚಿಸಲಾ?"

"ಮತ್ತೆ ಬಸದಿಗೆ ಬರಿಗಾಲಲ್ಲಿ ಹೋಗ್ತಿದ್ದಿದ್ದು?"

ಚಕ್ರೇಶ್ವರಿ ದೇವರ ಫೋಟೋ ಕಡೆ ಒಮ್ಮೆ ನೋಡಿದರು. ಸುಳ್ಳು ಹೇಳುವ ಹೆಂಗಸಲ್ಲ ಆಕೆ. "ಅರ್ಧ ಭಕ್ತಿ," ಎಂದರು. "ಇನ್ನರ್ಧ ಚಪ್ಪಲಿ."

ವಿಮಲಕುಮಾರರು ಎದ್ದು ರ‍್ಯಾಕಿನಿಂದ ಏಳು ನಂಬರಿನ ಮೆತ್ತನೆ ಜೊತೆಯೊಂದನ್ನು ತಂದು, ಒಳಗೆ ರಬ್ಬರಿನ ಸಿಂಬೆ ಇಟ್ಟು, ತಾವೇ ತೊಡಿಸಿದರು. ಚಕ್ರೇಶ್ವರಿ ನಿಂತರು. ಏನೂ ಹೇಳದೆ ಬೀದಿಗಿಳಿದು ನಡೆದರು. ಹಾಗೇ ಮೂಲೆ ತಿರುಗಿ ಕಾಣದಾದರು. ಅರ್ಧ ಗಂಟೆಯಾದರೂ ಬರಲಿಲ್ಲ. ವಿಮಲಕುಮಾರರು ಗಾಬರಿಯಾಗಿ ಬಾಗಿಲಿಗೆ ಬಂದು ನಿಂತಾಗ, ಕೆನ್ನೆ ಕೆಂಪಾಗಿ, ಸೆರಗು ಸರಿಮಾಡಿಕೊಳ್ಳುತ್ತ ಬಂದರು.

"ಬಸ್ ಸ್ಟ್ಯಾಂಡ್ ತನಕ ಹೋಗಿದ್ದೆ," ಎಂದರು. "ಸುಮ್ಮನೆ."

ಆಮೇಲೆ ಸ್ಟೂಲಿನ ಕೆಳಗಿದ್ದ ಐದು ನಂಬರಿನ ಹಳೆಯ ಜೊತೆಯನ್ನು ಎತ್ತಿ, ನೆತ್ತಿಯ ಮೇಲೆ ತೂಗುತ್ತಿದ್ದ ಕೆಂಪಕ್ಷರದ ಬೋರ್ಡನ್ನು ಒಮ್ಮೆ ಓದಿ, ಗಂಡನ ಮುಂದೆ ಹಿಡಿದರು.

"ಇದನ್ನ ವಾಪಸ್ ತಗೊಳ್ತೀರಾ?"

ವಿಮಲಕುಮಾರರು ಎರಡೂ ಕೈ ಚಾಚಿ ತೆಗೆದುಕೊಂಡರು.